ದೊಡ್ಡಕ್ಕ ಸೇರಿಸಿದ ಸಾಲು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ದೊಡ್ಡಕ್ಕನ ಯಜಮಾನರಿಗೆ, ಮಗಳಿಗೆ ನನ್ನ ಸಂತಾಪ. ಹೊಗಳುವವರು ಆಗಲೇ ಹೊಗಳಿದ್ದಾರೆ. ನಾನು ನಿಜ ಹೇಳಿಬಿಡುತ್ತೇನೆ. ನಮ್ಮ ಕಚೇರಿಯ ದೊಡ್ಡಕ್ಕನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಈಗಲೂ.

ದೇಶದ ಆಸ್ಪತ್ರೆ, ವೃದ್ಧಾಶ್ರಮಗಳನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸುವ ಯೋಜನೆ ನಮ್ಮದು — ನಿಮಗೆ ಗೊತ್ತು. ಕೂತು ಬರೆದವನು ನಾನು. ಕಣ್ಣು ಕೆಟ್ಟಿತು, ಸೊಂಟ ಹೋಯಿತು. ದೊಡ್ಡಕ್ಕ ಏನು ಮಾಡುತ್ತಿದ್ದರು? ಗುಂಡಿ ಒತ್ತಿದರೆ ಸಹಾಯಕ್ಕೆ ಕರೆ ಹೋಗುವ ಹೊಸ ಯಂತ್ರವನ್ನು ಕೈಚೀಲಕ್ಕೆ ಹಾಕಿಕೊಂಡು ವೃದ್ಧಾಶ್ರಮಕ್ಕೆ ಹೊರಡುತ್ತಿದ್ದರು. ಅಜ್ಜಿಯರ ಮುಂದೆ ಅದನ್ನಿಟ್ಟು, ಹೀಗೆ — ಕೈ ಕಟ್ಟಿ — ಸುಮ್ಮನೆ ಕೂರುತ್ತಿದ್ದರು. "ನಾನು ಬಾಯಿಬಿಟ್ಟು ಹೇಳ್ಕೊಡಬೇಕಾಯ್ತು ಅಂದ್ರೆ ಇದು ಕೆಲಸಕ್ಕೆ ಬರಲ್ಲ ಕಣಪ್ಪ" ಅನ್ನೋರು. ಅದನ್ನು ಬಳಸುವುದು ಹೇಗೆಂದು ನಾನು ಬೆವರು ಸುರಿಸಿ ಬರೆದ ಅಧ್ಯಾಯಗಳು ಹಾಗೇ ಹಾರಿಹೋದವು.

ಅವರು ಯೋಜನೆಗೆ ಸೇರಿಸಿದ್ದು ಒಂದೇ ಸಾಲು. ಹಿರಿಯರು ಗುಂಡಿ ಒತ್ತಿದರೆ ಮಾತಾಡುವುದು ಮನುಷ್ಯರೇ ಆಗಿರಬೇಕು, ಯಂತ್ರವಲ್ಲ. ಡಾಕ್ಟರುಗಳು, ಪತ್ರಿಕೆಯವರು, ಎಲ್ಲರೂ ಕೊಂಡಾಡಿದ್ದು ಅದನ್ನೇ. ಇಷ್ಟು ದಪ್ಪ ಯೋಜನೆ — ನನ್ನದು — ಯಾರಿಗೂ ಬೇಡ. ಈಗ ಖರ್ಚು ಜಾಸ್ತಿ ಅಂತ ಆ ಸಾಲನ್ನು ನಾಳೆಯ ಸಭೆಯಲ್ಲಿ ಕಿತ್ತುಹಾಕುವ ಮಾತಿದೆ. ಕೇಳಿದಾಗ ಒಂದು ಗಳಿಗೆ ನನಗೆ ಖುಷಿಯೇ ಆಯಿತು.

ಯಾಕೆ ಅಂತೀರಾ? ಆ ವೃದ್ಧಾಶ್ರಮದಲ್ಲಿ ನಮ್ಮಮ್ಮ ಇದ್ದಾರೆ. ಪ್ರಯೋಗಕ್ಕೆಂದು ಅವರ ಕರೆ ದೊಡ್ಡಕ್ಕನ ಫೋನಿಗೆ ಹೋಗುತ್ತಿತ್ತು. "ನನ್ನ ಫೋನಿಗೆ ಹಾಕಿಸ್ಲಾ ಅಮ್ಮ?" ಅಂದೆ. "ಬೇಡಪ್ಪ. ನೀನು ಹೂಂ ಹೂಂ ಅಂತೀಯ. ಅವಳು ಕೇಳಿಸ್ಕೋತಾಳೆ" ಅಂದರು. ಹೆತ್ತ ತಾಯಿ. ಮೆಚ್ಚುಗೆ ಹೋದರೆ ಹೋಗಲಿ ಸ್ವಾಮಿ — ಅಮ್ಮನನ್ನೂ ಅವರೇ ಕಸಿದುಕೊಂಡರೆ ಹೊಟ್ಟೆ ಉರಿಯದೇ ಇರುತ್ತದೆಯೇ?

ದೊಡ್ಡಕ್ಕ ತೀರಿಕೊಂಡ ಮಾರನೆಯ ದಿನ, ವಿಷಯ ಗೊತ್ತಿಲ್ಲದೆ, ಅಮ್ಮ ಗುಂಡಿ ಒತ್ತಿದ್ದಾರೆ. ಆ ಫೋನ್ ಎತ್ತಿದ್ದು ದೊಡ್ಡಕ್ಕನ ಈ ಮಗಳು. ಅಮ್ಮ ಇಲ್ಲ ಅಂತ ಹೇಳಿ ಅತ್ತಿದ್ದಾಳೆ. ಆಮೇಲೆ — ಸಮಾಧಾನ ಮಾಡಿದ್ದು ನಮ್ಮಮ್ಮ. ಎದ್ದು ಓಡಾಡಲಾಗದ ನಮ್ಮಮ್ಮ. ಈಗ ದಿನವೂ ಕರೆ ಮಾಡಿ ಅವಳನ್ನು "ಊಟ ಮಾಡಿದ್ಯಾ ಮಗಳೇ" ಅಂತ ಕೇಳುತ್ತಾರಂತೆ. ನನ್ನನ್ನು ಕೇಳುವುದಿಲ್ಲ.

ನಾಳೆ ಆ ಸಾಲನ್ನು ತೆಗೆಯಲು ನಾನು ಬಿಡುವುದಿಲ್ಲ. ಉಳಿಸಿಕೊಂಡರೂ ಹೆಸರು ದೊಡ್ಡಕ್ಕನಿಗೇ, ಅದೂ ಗೊತ್ತು. ಹೊಟ್ಟೆ ಉರಿದುಕೊಂಡೇ ಜಗಳ ಆಡುತ್ತೇನೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಸ್ವಲ್ಪ ಹೊತ್ತು ಮೌನವಾಗಿರೋಣ. ಫೋನುಗಳನ್ನು ಆಫ್ ಮಾಡಿ — ನಿನ್ನದು ಬೇಡಮ್ಮ, ನಿನ್ನದು ಆನ್ ಇರಲಿ. ಇದು ನಮ್ಮಮ್ಮ ಕರೆಯುವ ಹೊತ್ತು.