ಚೆನ್ನಯಣ್ಣನ ನೆತ್ತಿಗೆ ಎಣ್ಣೆ ತಟ್ಟಿದ ಕೈ

ಈ ಸಂತಾಪ ಸಭೆಗೆ ಬಂದಿರುವ ಹಿರಿಯರೇ, ಹೋಟೆಲಿನ ಬಂಧುಗಳೇ, ಊರಿನಿಂದ ಹಡಗಿನಲ್ಲಿ ಬಂದು ಇಲ್ಲಿ ಕುಳಿತಿರುವ ಚೆನ್ನಯಣ್ಣನ ಹೆಂಡತಿ ಶೀಲಾವತಿಯಕ್ಕ — ಎಲ್ಲರಿಗೂ ಹೋಟೆಲಿನ ಗಲ್ಲಾದಲ್ಲಿ ಕೂರುವ ಮೋನಪ್ಪನ ನಮಸ್ಕಾರ. ನಿಂತಲ್ಲಿ ನಿಲ್ಲಲು ಆಗುತ್ತಿಲ್ಲ, ಕ್ಷಮಿಸಿ. ಚೆನ್ನಯಣ್ಣ ಹೋದ ಮೇಲೆ ಹೀಗೇ. ಕೂತರೆ ಏಳುತ್ತೇನೆ, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುವುದಿಲ್ಲ.

ನಮ್ಮ ದಾದರ್ ಹೋಟೆಲಿನ ದೋಸೆ ಎಂದರೆ ಚೆನ್ನಯಣ್ಣ. ಬಾಯಿ ಜೋರು. ಎರಡು ಮಸಾಲೆ ಬೇಗ ಬರಲಿ ಎಂದು ನಾನು ಕೂಗಿದರೆ, "ಬೇಗ ಬೇಕಾದ್ರೆ ನೀನೇ ಬಂದು ಕಾವಲಿ ಮೇಲೆ ಕೂತ್ಕೊ ಮಾರಾಯಾ" ಎನ್ನುತ್ತಿದ್ದರು. ನಗಿ, ನಗಬಹುದು. ಅವರೂ ನಗುತ್ತಿದ್ದರು.

ಈಗ ಆ ಭಾನುವಾರದ ಮಾತು. — ಹಿಂದಿನ ಸಾಲಿನವರೇ, ನೀವು ಪಿಸುಗುಡುತ್ತಿರುವುದನ್ನೇ ನಾನು ಹೇಳಲು ಬಂದಿದ್ದೇನೆ. ಭಾನುವಾರ ನಮ್ಮ ಅಡುಗೆಮನೆಯವರ ಎಣ್ಣೆಸ್ನಾನ. ಒಬ್ಬರ ನೆತ್ತಿಗೆ ಇನ್ನೊಬ್ಬರು ಎಣ್ಣೆ ತಟ್ಟುವುದು ರೂಢಿ. ಅಂಗೈ ತುಂಬ ಎಣ್ಣೆ, ಹೀಗೆ — ಹೀಗೆ — ಪಟಪಟ. ಅಂದು ಚೆನ್ನಯಣ್ಣನಿಗೆ ತಟ್ಟಿದವನು ಕೊರಗಪ್ಪ. ಹಿಟ್ಟು ರುಬ್ಬುವವನು, ಗಟ್ಟಿ ಕೈ. ನೀರು ಹೊಯ್ದುಕೊಳ್ಳುವ ಮೊದಲೇ ಚೆನ್ನಯಣ್ಣ ತಲೆ ಸಿಡಿಯುತ್ತಿದೆ ಎಂದು ಕುಸಿದರು. ಅಷ್ಟೇ ಸಾಕಾಯಿತು. ಕೊರಗಪ್ಪ ತಟ್ಟಿದ ಏಟಿಗೆ ನರ ಒಡೆಯಿತು ಎಂದು ನಾವಿರುವ ಚಾಳಿನಲ್ಲೆಲ್ಲ ಸುದ್ದಿ. ಅವನು ರುಬ್ಬಿದ ಹಿಟ್ಟನ್ನು ಮುಟ್ಟುವುದಿಲ್ಲ ಎಂದವರೂ ಇಲ್ಲಿದ್ದಾರೆ. ಕೊನೆಗೆ ಅವನೂ ನಂಬಿಬಿಟ್ಟ.

ಆಸ್ಪತ್ರೆಯಲ್ಲಿ ನಾನಿದ್ದೆ. ಮೈಸೂರು ಕಡೆಯ ಡಾಕ್ಟರ್ ತಿರುಮಲೇಶ ಅವರು ಬೆನ್ನುಮೂಳೆಯೊಳಗಿನ ನೀರು ತೆಗೆದು, ಅದರಲ್ಲಿ ರಕ್ತವಿದೆ, ತಲೆಯೊಳಗೆ ಸೋರಿದೆ, ಯಾಕೆ ಸೋರಿತೆಂದು ನೋಡಬೇಕು ಎಂದರು. ಕುತ್ತಿಗೆಯ ರಕ್ತನಾಳಕ್ಕೆ ಸೂಜಿ ಚುಚ್ಚಿ, ಒಳಗಿನ ನಾಳಗಳು ಎಕ್ಸ್‌ರೇಯಲ್ಲಿ ಕಾಣಲೆಂದು ಒಂದು ಔಷಧ ಬಿಡುತ್ತಾರೆ. ಅದು ಮೆದುಳಿಗೆ ಏರಿ ಇಳಿಯುವಷ್ಟರಲ್ಲಿ ಎಕ್ಸ್‌ರೇ ಪ್ಲೇಟುಗಳನ್ನು ಒಂದರ ಹಿಂದೊಂದು ಕೈಯಲ್ಲೇ ಎಳೆಯುತ್ತಾರೆ. ಬಾಗಿಲ ಹೊರಗೆ ನಾನು ಅತ್ತಿಂದಿತ್ತ ತಿರುಗುತ್ತಿದ್ದೆ. ಆ ಪ್ಲೇಟುಗಳ ಸದ್ದು ಈಗಲೂ ಕಿವಿಯಲ್ಲಿದೆ.

ಆಮೇಲೆ ಡಾಕ್ಟರು ಫಿಲ್ಮನ್ನು ಕಿಟಕಿಗೆ ಹಿಡಿದು ತೋರಿಸಿದರು. ನಾಳ ಕವಲೊಡೆಯುವಲ್ಲಿ ಕಡಲೆಕಾಳಿನಷ್ಟು ಗುಳ್ಳೆ. ಎಣ್ಣೆ ತಟ್ಟಿದ್ದಕ್ಕೆ ಹೀಗಾಯಿತೇ ಎಂದು ಕೇಳಿಯೇಬಿಟ್ಟೆ. ಅವರು ಹೇಳಿದ್ದು ಇದು:

"ಇದು ವರ್ಷಗಳಿಂದ ಬೆಳೆದಿರೋ ಗುಳ್ಳೆ ಕಣ್ರೀ. ಮೆದುಳಿನ ಬುಡದಲ್ಲಿದೆ. ಹೊರಗಿಂದ ಯಾರ ಕೈಯೂ ಅಲ್ಲಿಗೆ ಮುಟ್ಟೋದಿಲ್ಲ. ನಿದ್ದೆಯಲ್ಲೂ ಒಡೀಬಹುದಿತ್ತು."

ಆಪರೇಷನ್ನಿಗೆ ಸಿದ್ಧಮಾಡುತ್ತಿರುವಾಗಲೇ ಅದು ಮತ್ತೊಮ್ಮೆ ಸೋರಿತು. ಕಾರಣ ಸಿಕ್ಕಿತು, ಮನುಷ್ಯ ಉಳಿಯಲಿಲ್ಲ. ನನಗೆ ಸಿಟ್ಟು ಬರುತ್ತದೆ — ಯಾರ ಮೇಲೆ ಎಂದು ಗೊತ್ತಿಲ್ಲ. ಕಣ್ಣಿಗೆ ಕಂಡ ಮೇಲೂ ಉಳಿಸಿಕೊಳ್ಳಲು ಆಗಲಿಲ್ಲವಲ್ಲ.

ಆದರೆ ಕಾರಣ ಕಂಡಿದ್ದೇವಲ್ಲ — ಕಂಡದ್ದನ್ನು ನುಂಗಿಕೊಂಡು ಕೂರುವುದು ಹೇಗೆ? ಕೊರಗಪ್ಪ ಈಗ ಈ ಸಭಾಂಗಣದ ಮೆಟ್ಟಿಲ ಮೇಲೆ ಕೂತಿದ್ದಾನೆ. ಒಳಗೆ ಬರಲು ಧೈರ್ಯವಿಲ್ಲ. ತಾನೇ ಕೊಂದೆ ಎಂದುಕೊಂಡು ನಾಳೆಯ ಹಡಗಿಗೆ ಊರಿಗೆ ಹೊರಟಿದ್ದಾನೆ. ಇನ್ನು ಮುಂಬಯಿಗೆ ಬರುವುದಿಲ್ಲವಂತೆ. ಶೀಲಾವತಿಯಕ್ಕ, ಅವನ ಮುಖ ನೋಡುವುದಿಲ್ಲ ಎಂದಿದ್ದೀರಿ. ನಿಮ್ಮ ದುಃಖಕ್ಕೆ ನಾನು ಎದುರಾಡಲಾರೆ. ಆದರೆ ನಾವು ಕರೆದರೆ ಅವನು ಬರುವುದಿಲ್ಲ. ನೀವು ಕರೆಯಬೇಕು.

— ತಡೆಯಿರಿ. ಅಕ್ಕ ಎದ್ದಿದ್ದಾರೆ. ದಾರಿ ಬಿಡಿ. ಬಾಗಿಲ ಹತ್ತಿರದವರು ಸ್ವಲ್ಪ ಸರಿಯಿರಿ —

ಬಾ ಕೊರಗಪ್ಪ. ಅವರೇ ನಿನ್ನ ಕೈ ಹಿಡಿದಿದ್ದಾರೆ, ಬಿಡಿಸಿಕೊಳ್ಳಬೇಡ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಇವನು ಅಕ್ಕನ ಪಕ್ಕದಲ್ಲೇ ನಿಲ್ಲಲಿ. ಇನ್ನು ನಾನೂ ಮಾತಾಡುವುದಿಲ್ಲ. ಚೆನ್ನಯಣ್ಣನಿಗಾಗಿ — ಮೌನ.