ನಡುವಿನ ಹಾದಿ

ರೊಮೇನಿಯಾದ ಒರಾದಿಯಾ ನಗರದ ಟ್ರಾಮ್ ನಿಲ್ದಾಣದಲ್ಲಿ, ಟ್ರಾಮಿಗೆ ಕಾಯುತ್ತಿದ್ದ ಆಂಕಾ ಎಂಬ ಹುಡುಗಿಯ ಪಕ್ಕ ಕೂತಿದ್ದ ವೃದ್ಧ ದಂಪತಿ ಹಳ್ಳಿಯಿಂದ ಹೊಸದಾಗಿ ಬಂದವರು. ತಮಗೊಂದು ಚರ್ಚು ಆರಿಸುತ್ತಿದ್ದರು.

“ಸೇತುವೆ ಹತ್ರದ್ದೇ ಇರಲಿ ಸವೇತಾ. ಪಾಸ್ಟರು ದೇವರ ವಾಕ್ಯ ಇದ್ದಹಾಗೇ ಸಾರ್ತಾರೆ. ಇನ್ನೊಂದರಲ್ಲಿ ಬರೀ ಗಿಟಾರು.”

“ವಾಕ್ಯ ಸರೀನೇ ಕಣ್ರೀ. ಆದ್ರೆ ಅಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ.”

“ನಮ್ಮೂರಲ್ಲೂ ಹಾಗೇ ಕೂತಿದ್ವಲ್ಲ, ನಲವತ್ತು ವರ್ಷ.”

“ಆಗ ನಿಮಗೆ ಕಣ್ಣು ಕಾಣ್ತಿತ್ತು. ನನ್ನನ್ನೇ ನೋಡ್ತಾ ಕೂತಿರ್ತಿದ್ರಿ.”

“ಪ್ರಸಂಗಾನೂ ಕೇಳ್ತಿದ್ದೆ.”

“ಈಗ ನಾನೆಲ್ಲಿದ್ದೀನಿ ಅಂತ ಹೇಗೆ ಗೊತ್ತಾಗತ್ತೆ?”

ಮುದುಕರು ಅವಳ ದನಿಯತ್ತ ತಿರುಗಿದರು. “ಬೆಂಚುಗಳ ನಡುವಿನ ಹಾದಿಯ ಆಚೆ ಬದೀಲಿ ನೀನು ಕೂತ್ಕೋ, ಈಚೆ ಬದೀಲಿ ನಾನು. ಕೈ ಚಾಚಿದ್ರೆ ಸಿಗಲ್ವಾ?”

ಸವೇತಾ ಎದ್ದು ಎರಡು ಹೆಜ್ಜೆ ದೂರ ನಿಂತಳು. “ಹಾದಿ ಇಷ್ಟು ಅಗಲ. ಚಾಚಿ ನೋಡೋಣ.”

ಅವರು ಚಾಚಿದ ಕೈ ಅವಳ ಕೈಗೆ ಸಿಕ್ಕಿತು. ಟ್ರಾಮ್ ಬಂದಾಗ ಇಬ್ಬರೂ ಆ ಕೈ ಬಿಡದೆಯೇ ಹತ್ತಿದರು.