ಇಲ್ಲಿ ಮಾತ್ರ ಪಾಚಿ

ಹಾಗೆ ಮೇಲ್ಮೇಲೆ ಸವರಿದ್ರೆ ಪಾಚಿ ಹೋಗುತ್ತಾ ಕುಸುಮಾ? ಗಟ್ಟಿಯಾಗಿ ಕೆರಿ! ಕೈಯೇನು ಬೆಣ್ಣೇಲಿ ಮಾಡಿದ್ದಾ? ನಾಡಿದ್ದು ಗೆಸ್ಟುಗಳು ಬರ್ತಾರೆ. ಹೋದ ವಾರ ಒಬ್ಬಳು ಇಲ್ಲೇ ಜಾರಿ ಬಿದ್ದು, ಸೊಂಟ ಹಿಡ್ಕೊಂಡು ಫೋಟೋ ತೆಗೆದು, ನಮ್ಮ ಹೋಂಸ್ಟೇ ಬಗ್ಗೆ ಏನೇನೋ ಬರೆದು ಹಾಕಿದ್ದಾಳೆ... ಹೂಂ, ಕೆರಿ ಕೆರಿ.

ಯಾಕೆ, ಮುಖ ಯಾಕೆ ಹಾಗೆ? ಬಂದು ಕಾಲು ತೊಳೆಯೋ ಮೊದಲೇ ಕೈಗೆ ಬ್ರಷ್ ಕೊಟ್ಟಳು ಅಂತಾನಾ? ನೋಡಮ್ಮ, ನಾನೇನು ನಿನ್ನ ಕರೆದಿರ್ಲಿಲ್ಲ. ಗಂಡ ಹೋದ ಮೇಲೆ ತವರಲ್ಲಿ ಕೂತವಳು, ಈಗ ಹಾಲೇಶನ ಸಮಾಧಿಗೆ ವಿಭೂತಿ ಹಚ್ಚಬೇಕು, ಕಾಯಿ ಒಡೀಬೇಕು ಅಂತ ಆಲ್ದೂರಿಂದ ಬಸ್ಸು ಹತ್ತಿ ನೀನೇ ಬಂದೆ. ಬಂದ ಮೇಲೆ ಮನೆ ಕೆಲಸಕ್ಕೆ ಒಂದು ಕೈ ಹಾಕ್ಬೇಕಪ್ಪ. ನಾನು ಈ ಮನೆ ದೊಡ್ಡ ಸೊಸೆ, ನಾನೇ ಬಗ್ಗಿ ಕೆರೀಲಾ?

ಸಮಾಧಿ ಎಲ್ಲಿ, ಸಮಾಧಿ ಎಲ್ಲಿ... ಎಷ್ಟು ಸಲ ಹೇಳ್ಲಿ? ಹೋದ ಮಳೆಗಾಲದಲ್ಲಿ ಧರೆ ಕುಸೀತು. ನಿನ್ನ ಗಂಡನ ಕಲ್ಲು, ಮಣ್ಣು, ಎಲ್ಲ ಹಳ್ಳಕ್ಕೆ! ಆಮೇಲೆ ನಮ್ಮವರು ಜೆಸಿಬಿ ತರಿಸಿ, ಮಣ್ಣು ತುಂಬಿಸಿ, ಈ ಲಾನ್ ಮಾಡಿಸಿದ್ರು. ಮುಗೀತು. ಕಾಯಿ ಒಡೀಬೇಕಾದ್ರೆ ಹಳ್ಳದ ಹತ್ರ ಹೋಗಿ ಒಡಿ, ಯಾರು ಬೇಡ ಅಂದ್ರು? ಬದುಕಿದ್ದಾಗಲೂ ಕೂತ ಜಾಗದಿಂದ ಎದ್ದವನಲ್ಲ ಪುಣ್ಯಾತ್ಮ. ನಮ್ಮಲ್ಲಿ ಹೆಂಗೂ ಕೂರಿಸೇ ಮಣ್ಣು ಮಾಡೋದು, ಅವನಿಗೆ ಸರಿಯಾಯ್ತು...

ಅಯ್ಯೋ, ಅಳ್ತಾ ಇದ್ದೀಯಾ? ಅಳು ಮಾರಾಯ್ತಿ, ಅಳು. ಆದ್ರೆ ಕೈ ನಿಲ್ಲಿಸ್ಬೇಡ.

ಈ ಪಾಚಿಗೆ ನಾನು ಏನು ಮಾಡಿಲ್ಲ ಹೇಳು! ಬಿಸಿಲು ಬೀಳ್ಲಿ ಅಂತ ಸಿಲ್ವರ್ ಓಕಿನ ಕೊಂಬೆಯೆಲ್ಲ ಕಡಿಸಿದೆ. ತೋಟಕ್ಕೆ ತಂದ ಸುಣ್ಣ ಎರಚಿದೆ. ಕಾಫಿಗೆ ಹೊಡೆಯೋ ಮೈಲುತುತ್ತಾನೂ ಹೊಡೆಸಿದೆ. ಆ ಕಡೆ ಎಲ್ಲ ಹೋಯ್ತು ನೋಡು, ಹುಲ್ಲು ಎಷ್ಟು ಚೆಂದ ಬಂದಿದೆ! ಇಲ್ಲಿ ಮಾತ್ರ... ಈ ಒಂದು ತುಂಡು ಜಾಗ... ನೀರು ಇಂಗೋದೇ ಇಲ್ಲ. ಕೆರೆದಷ್ಟೂ ಬರುತ್ತೆ. ನಿನ್ನ ಹಾಗೇ! ಹೋಯ್ತು ಅಂದ್ಕೊಂಡ್ರೆ ಮತ್ತೆ ಬಂದು ವಕ್ಕರಿಸುತ್ತೆ.

ಯಾಕೆ, ನಗು ಬರಲ್ವಾ? ತಮಾಷೆಗೆ ಅಂದೆ ಕಣೇ. ನಿಂಗೆ ಮೊದಲಿಂದಲೂ ಅಷ್ಟೇ, ತಮಾಷೆ ಗೊತ್ತಾಗಲ್ಲ.

ಆ ಗಾರ್ಡನ್ ಫೋರ್ಕ್ ಯಾಕೆ ತಗೊಂಡೆ? ...ಗೊತ್ತು, ಗೊತ್ತು, ನೆಲಕ್ಕೆ ಚುಚ್ಚಿ ತೂತು ಮಾಡಿದ್ರೆ ನೀರು ಇಳಿಯುತ್ತೆ. ಅಷ್ಟೂ ಗೊತ್ತಿಲ್ವಾ ನಂಗೆ? ಆ ಕಡೆ ಚುಚ್ಚು ಹೋಗು, ಗೇಟಿನ ಹತ್ರ. ಇಲ್ಲಿ ಬೇಡ. ಇಲ್ಲಿ ಕೆರೆದು ಸುಣ್ಣ ಹಾಕಿದ್ರೆ ಸಾಕು. ಯಾಕೆ ಅಂದ್ರೆ... ಪೈಪ್ ಇದೆ. ನೀರಿನ ಪೈಪ್. ನಮ್ಮ ಮೇಸ್ತ್ರಿ ಭೂತಯ್ಯ ಸರಿಯಾಗಿ ಹೂಳದೆ ಮೇಲ್ಗಡೇನೇ ಹಾಕಿಹೋದ.

ಭೂತಯ್ಯನ್ನ ಕೇಳ್ತೀಯಾ? ಎಲ್ಲಿಂದ ಕೇಳ್ತೀಯ! ಕೆಲಸ ಬಿಟ್ಟು ಹೋಗಿ ಆಯ್ತು. ಸೊಕ್ಕು. ಒಂದು ಕಲ್ಲು ಎತ್ತಿ ಆಚೆ ಹಾಕೋ ಅಂದ್ರೆ, ಲಿಂಗ ಕೆತ್ತಿರೋ ಕಲ್ಲು, ನಾನು ಕಿತ್ತು ಬಿಸಾಕಲ್ಲ ಅಮ್ಮಾ ಅಂತ ಕೈ ಮುಗಿದು... 

ಬೇರೆ ಕಲ್ಲು ಅದು! ದಾರೀಲಿ ಬಿದ್ದಿತ್ತು. ಎಂತ ನೋಡ್ತೀಯ ಹಾಗೆ? ಬಾಯಲ್ಲಿ ಕಡುಬು ಇಟ್ಕೊಂಡಿದ್ದೀಯಾ? ಕೇಳೋದಿದ್ರೆ ನೇರವಾಗಿ ಕೇಳು.

ಏಯ್! ಇಲ್ಲಿ ಚುಚ್ಚಬೇಡ ಅಂದ್ನಲ್ಲ! ಬೇಡ ಅಂದ್ರೆ...

ಏನದು ಸದ್ದು?

ಕಲ್ಲು. ಕಲ್ಲೇ ಇರ್ಬೇಕು, ಇನ್ನೇನು? ಈ ಗುಡ್ಡದಲ್ಲಿ ಅಗೆದ ಕಡೆಯೆಲ್ಲ ಕಲ್ಲೇ. ದೇವರಮನೆ ಬೆಟ್ಟದ ಕಡೆ ಹೋದ್ರೆ ಬರೀ ಕಲ್ಲು, ಅಲ್ಲೂ ಹೋಗಿ ಅಗೀತೀಯಾ? ಏಳು ಸಾಕು. ಏಳೇ! ಕೈಯಲ್ಲಿ ಯಾಕೆ ಬಗೀತೀಯ... ಹುಲ್ಲು ಹಾಳಾಗುತ್ತೆ! ಕುಸುಮಾ, ನಾನು ಹೇಳ್ತಿರೋದು ಕೇಳ್ತಾ ಇದ್ಯಾ?

ಅಲ್ಲ, ನೀನೇ ಹೇಳು. ಅಷ್ಟು ದೂರದಿಂದ ಬಂದ ಗೆಸ್ಟುಗಳು ಬೆಳಿಗ್ಗೆ ಎದ್ದು ಕಾಫಿ ಲೋಟ ಹಿಡ್ಕೊಂಡು ಬಾಗಿಲು ತೆಗೆದ್ರೆ ಎದುರಿಗೇ ಸಮಾಧಿ ಕಂಡ್ರೆ ಹೆಂಗೆ? ಮಕ್ಕಳು ಹೆದರ್ತಾವೆ. ಇಲ್ಲೇ ಬೆಂಕಿ ಹಾಕ್ಕೊಂಡು ಕುಣೀತಾರೆ, ಹಾಡ್ತಾರೆ... ಹಾಲೇಶನಿಗೂ ಜನ ಅಂದ್ರೆ ಇಷ್ಟ ಇತ್ತಲ್ವಾ? ಸತ್ತವರು ಸತ್ರು ಕಣೇ, ಇದ್ದವರು ಬದುಕಬೇಡ್ವಾ?

ನಾನು ಹೇಳಿದ್ದು ಅದಲ್ಲ. ಹಳ್ಳಕ್ಕೆ ಹೋಯ್ತು ಅಂದ್ನಲ್ಲ, ಹೋಯ್ತು. ಇದು ಯಾವುದೋ ಬೇರೆ ಚಪ್ಪಡಿ, ಜೆಸಿಬಿಯವನು ಹಾಕಿರ್ತಾನೆ, ನಂಗೇನು ಗೊತ್ತು... ಅಯ್ಯೋ, ಆ ಮೂಲೆಗೆ ಕೈ ಹಾಕ್ಬೇಡ, ಕೊಯ್ಯುತ್ತೆ! ರೋಲರ್ ಹತ್ತಿದಾಗ ಆ ಮೂಲೆ ಒಡೆದಿದೆ.

...

ಏನಾದ್ರೂ ಅನ್ನೇ. ಬಾಯಿಗೆ ಬಂದಿದ್ದು ಬೈಯಿ. ನಮ್ಮವರನ್ನ ಕರೀಲಾ? ಹೀಗೆ ಮೂಗಿ ಹಾಗೆ ಕೂತ್ರೆ ನಾನೇನಂತ... ಸೆರಗಲ್ಲಿ ಯಾಕೆ ಒರೆಸ್ತೀಯ ಅದನ್ನ? ಎಷ್ಟು ಒರೆಸಿದ್ರೂ ಅಷ್ಟೇ. ಏನು ಹುಡುಕ್ತೀಯ ಅಲ್ಲಿ?

ಹೆಸರು ಈ ಮಗ್ಗುಲಲ್ಲಿಲ್ಲ ಕಣೇ.